ಎಡಗಣತಲೆಯ ತಕರಾರು

ನನ್ನ ಹೆಂಡತಿಯ ಎಡಗಣತಲೆಯಲ್ಲಿ, ಕಣ್ಣಿಗೂ ಕಿವಿಗೂ ನಡುವೆ, ಒಂದು ನರವಿತ್ತು. ಅಂಥ ನರ ಎಲ್ಲರ ಕಣತಲೆಯಲ್ಲೂ ಇರುತ್ತದೆ. ಆದರೆ ಎಲ್ಲರ ನರವೂ ಮನೆಯ ಯಜಮಾನಿಕೆಯನ್ನು ತನ್ನ ಕೈಗೆ ತೆಗೆದುಕೊಳ್ಳುವುದಿಲ್ಲ. ಅದು ಉಬ್ಬಿತೆಂದರೆ ಗಂಗಾವತಿಯ ನಮ್ಮ ಮನೆಯಲ್ಲಿ ಅಂದು ಒಗ್ಗರಣೆ ಹಾಕುವಂತಿರಲಿಲ್ಲ, ಕೊಡ ಕೆಳಗಿಡುವಾಗ ಸಪ್ಪಳ ಮಾಡುವಂತಿರಲಿಲ್ಲ, ಪಡಸಾಲೆಯ ಕಿಟಕಿ ತೆಗೆಯುವಂತಿರಲಿಲ್ಲ. ನಾನು ವಕೀಲಿ ಮಾಡುತ್ತಿದ್ದೆ. ಬಂದ ಪಕ್ಷಗಾರರು ಹೊರಗಿನ ಕಟ್ಟೆಯ ಮೇಲೆ ಕೂತು ಹೊಲದ ಬದುವಿನ ಜಗಳವನ್ನು ಪಿಸುಮಾತಿನಲ್ಲಿ ಹೇಳಬೇಕಾಗುತ್ತಿತ್ತು. ಬದುವಿನ ಜಗಳವನ್ನು ಪಿಸುಗುಟ್ಟಿ ಹೇಳಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆಂದು ಅವರಿಗೂ ಆಗಲೇ ಗೊತ್ತಾದದ್ದು. ಒಬ್ಬಿಬ್ಬರು ಕಟ್ಟೆಯ ಮೇಲೆಯೇ ರಾಜಿಯಾಗಿ ಎದ್ದುಹೋದರು. ಹೀಗೆ ಆ ನರ ನನ್ನ ಗಳಿಕೆಗೂ ಕೈ ಹಚ್ಚಿತ್ತು.

ಜಗತ್ತಿನ ಎರಡನೆಯ ಲಡಾಯಿ ನಡೆದಿದ್ದ ಕಾಲ, ನಿಜಾಮರ ಸೀಮೆ. ಮುನ್ಸೀಫ್ ಕೋರ್ಟಿನಲ್ಲಿ ಉರ್ದುವಿನಲ್ಲಿ ವಾದಿಸಿ ಗೆಲ್ಲುವುದು, ಮನೆಗೆ ಬಂದು ಕನ್ನಡದಲ್ಲಿ ಸೋಲುವುದು, ಇದು ನನ್ನ ನಿತ್ಯದ ಕಾರ್ಯಕ್ರಮ. ನನ್ನನ್ನು ಸೋಲಿಸಲು ಮನೆಯಲ್ಲಿ ಇಬ್ಬರಿದ್ದರು. ಒಬ್ಬಳು ಹೆಂಡತಿ, ಯಲಬುರ್ಗಿಯ ಹುಡುಗಿ, ಮಾತು ಕಡಿಮೆ, ನೆನಪು ಜಾಸ್ತಿ. ಇನ್ನೊಬ್ಬಳು ನನ್ನ ತಂದೆಯ ಅಕ್ಕ. ಆಕೆಯನ್ನು ನಾವಿಬ್ಬರೂ ಅತ್ಯಾ ಎನ್ನುತ್ತಿದ್ದೆವು. ತಾಯಿಯಿಲ್ಲದ ನನ್ನನ್ನು ಎತ್ತಿ ಬೆಳೆಸಿದವಳು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ನಮ್ಮವರ ಅಂದಿನ ಪದ್ಧತಿಯಂತೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಾಳಿದವಳು. ಆಕೆ ಮಡಿಯಲ್ಲಿದ್ದಾಗ ಗಾಳಿಯೂ ಸ್ವಲ್ಪ ಸುತ್ತು ಹಾಕಿ ಬರುತ್ತಿತ್ತು.

ಹೆಂಡತಿಯ ತಲೆಬೇನೆ ದೊಡ್ಡವಳಾದಾಗಿನಿಂದ ಇದ್ದದ್ದು. ತಲೆಯ ಎಡ ಅರ್ಧಕ್ಕೆ ಮಾತ್ರ ಬರುತ್ತಿತ್ತು. ಬಲ ಅರ್ಧ ನೆರೆಮನೆಯವರಂತೆ ನೋಡುತ್ತ ಕೂಡುತ್ತಿತ್ತು. ಬರುವ ಮೊದಲು ಅವಳಿಗೆ ಸೂಚನೆ ಸಿಗುತ್ತಿತ್ತು. ಕಣ್ಣಿನ ಅಂಚಿನಲ್ಲಿ ಇಲಕಲ್ಲ ಸೀರೆಯ ಸೆರಗಿನ ತೆನೆಯಂಥ ಹಲ್ಲುಹಲ್ಲಿನ ಗೆರೆ ಹೊಳೆಯುತ್ತ ಹರಿದಾಡುತ್ತದೆ ಎನ್ನುತ್ತಿದ್ದಳು. ಆಮೇಲೆ ವಾಂತಿ. ಆಮೇಲೆ ಜೋಳದ ಕಣಜಗಳ ನಡುವಿನ ಕತ್ತಲ ಕೋಣೆಯಲ್ಲಿ ನನ್ನ ಹಳೆಯ ಧೋತರದ ಅಂಚನ್ನು ತಲೆಗೆ ಬಿಗಿದುಕೊಂಡು ಮಲಗುವುದು. ಮರುದಿನ ತೊಳೆದಿಟ್ಟ ಮುಖದಿಂದ ಹೊರಗೆ ಬಂದು, ಎಲ್ಲಿಗೋ ಹೇಳದೆ ಹೋಗಿ ಬಂದವಳಂತೆ ನಾಚಿಕೊಂಡು, ಒಲೆ ಹಚ್ಚುತ್ತಿದ್ದಳು.

ನೋವು ತಡೆಯದಾದಾಗ ಆ ನರವನ್ನು ಹೆಬ್ಬೆರಳಿಂದ ಒತ್ತಿ ಹಿಡಿದರೆ ಸ್ವಲ್ಪ ಇಳಿಯುತ್ತಿತ್ತು. ಅವಳ ಕೈ ಸೋತು ಹೋಗುತ್ತಿದ್ದುದರಿಂದ ಆ ಉದ್ಯೋಗ ನನಗೆ ಬಂತು. ಕತ್ತಲಲ್ಲಿ ಕಣಜಕ್ಕೆ ಬೆನ್ನು ಕೊಟ್ಟು ಕೂತು, ಹೆಬ್ಬೆರಳಿನ ಕೆಳಗೆ ಅದು ಮಿಡಿಯುವುದನ್ನು ಕೇಳುತ್ತ, ಮರುದಿನದ ವಾದವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಹಗಲು ಹೊತ್ತು ಹೆಂಡತಿಯ ಹತ್ತಿರ ಕೂಡುವುದಕ್ಕೆ ನಮ್ಮಂಥ ಮನೆಗಳಲ್ಲಿ ಸಿಗುತ್ತಿದ್ದ ಮರ್ಯಾದೆಯ ಕಾರಣ ಅದೊಂದೇ. ಆ ಮಟ್ಟಿಗೆ ನರಕ್ಕೆ ನಾನು ಕೃತಜ್ಞನಾಗಿದ್ದೆ. ಅವಳಿಗೆ ಅದನ್ನು ಹೇಳುವ ಧೈರ್ಯ ಆಗಲಿಲ್ಲ.

ಔಷಧಗಳ ವಿಷಯದಲ್ಲಿ ನಾವು ಯಾರಿಗೂ ಅನ್ಯಾಯ ಮಾಡಲಿಲ್ಲ. ತವರಿನಲ್ಲಿ ಅರಿಷಿಣದ ಕೊಂಬು ಸುಟ್ಟು ಕಣತಲೆಗೆ ಚುಟಿಗೆ ಹಾಕಿದ್ದರು. ಅದರ ಕಲೆ ಅಲ್ಲಿಯೇ ಇತ್ತು, ನೋವೂ ಅಲ್ಲಿಯೇ ಇತ್ತು. ಕುಷ್ಟಗಿಯ ವೈದ್ಯರೊಬ್ಬರು ಮೂಗಿಗೆ ತುಪ್ಪ ಬಿಡಿಸಿದರು. ಕನಕಗಿರಿಯ ಹಕೀಮರು ಸೂರ್ಯ ಹುಟ್ಟುವ ಮೊದಲು ಬಿಸಿ ಹಾಲಿನಲ್ಲಿ ಜಿಲೇಬಿ ನೆನೆಸಿ ತಿನ್ನಬೇಕೆಂದರು. ಅಂಗಡಿಯ ಜಿಲೇಬಿ ನಮ್ಮ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅತ್ಯಾ ಮಡಿಯಲ್ಲಿ ತಾನೇ ಜಿಲೇಬಿ ಮಾಡಿದಳು. ಅವು ಉಂಗುರಗಳಾಗದೆ ಮೋಡಿ ಲಿಪಿಯ ಅಕ್ಷರಗಳಂತೆ ಬಂದವು. ಹೆಂಡತಿಯ ಹೊಟ್ಟೆಯಲ್ಲಿ ಅವು ನಿಲ್ಲಲಿಲ್ಲ. ಉಳಿದದ್ದನ್ನು ವ್ಯರ್ಥ ಮಾಡಬಾರದೆಂದು ಚಿಕಿತ್ಸೆಯನ್ನು ನಾನೇ ಪೂರ್ಣಗೊಳಿಸಿದೆ. ಇವತ್ತಿನವರೆಗೂ ನನಗೆ ಅರೆದಲೆ ನೋವು ಬಂದಿಲ್ಲ.

ಆ ವರ್ಷ ಊರ ದವಾಖಾನೆಗೆ ಹೊಸ ಡಾಕ್ಟರರು ಬಂದರು. ಹೈದರಾಬಾದಿನಲ್ಲಿ ಕಲಿತವರು, ನಡುವಯಸ್ಸಿನವರು. ಜ್ವರ ಬಂದವನಿಗೂ 'ತಾವು ದಯಮಾಡಿ ನಾಲಿಗೆ ತೋರಿಸಬೇಕು' ಎನ್ನುವಷ್ಟು ಸಭ್ಯಸ್ಥರು. ಕೋರ್ಟಿನಲ್ಲಿ ಒಂದು ಹೊಡೆದಾಟದ ಮೊಕದ್ದಮೆಗೆ ಸಾಕ್ಷಿ ಹೇಳಲು ಬಂದಾಗ ಪರಿಚಯವಾಯಿತು. ಹೆಂಡತಿಯ ಸಂಗತಿ ಹೇಳಿದೆ. ಕರೆದುಕೊಂಡು ಬನ್ನಿ ಎಂದರು.

ಹೆಂಡತಿಯ ಜತೆ ಅತ್ಯಾನೂ ಬಂದಳು. ದವಾಖಾನೆಯ ಕೂಡುವ ಬಾಕನ್ನು ಮುಟ್ಟದೆ, ಮನೆಯಿಂದ ತಂದ ಮಡಿಯ ಉಣ್ಣೆಯ ಧಾಬಳಿ ಹಾಸಿಕೊಂಡು ಬಾಗಿಲ ಹತ್ತಿರ ಕೂತಳು. ಪರಗಂಡಸು ಸೊಸೆಯೊಂದಿಗೆ ನೇರ ಮಾತಾಡುವುದು ಆಕೆಗೆ ಒಪ್ಪಿಗೆಯಿರಲಿಲ್ಲ, ಡಾಕ್ಟರರಿಗೂ ಅದು ಅಸಭ್ಯವೆನಿಸುತ್ತಿತ್ತು. ಆದ್ದರಿಂದ ಅವರ ಪ್ರಶ್ನೆ ಉರ್ದುವಿನಲ್ಲಿ ನನಗೆ ಬರಬೇಕು, ನಾನು ಅದನ್ನು ಕನ್ನಡದಲ್ಲಿ ಅತ್ಯಾಗೆ ಸಲ್ಲಿಸಬೇಕು, ಅತ್ಯಾ ಸೊಸೆಗೆ ಕೇಳಬೇಕು, ಉತ್ತರ ಅದೇ ಮೆಟ್ಟಿಲುಗಳನ್ನು ಹತ್ತಿ ಹಿಂದೆ ಹೋಗಬೇಕು. ನಾಲ್ವರೂ ಒಂದು ಮಾರು ಅಂತರದಲ್ಲಿ ಕೂತಿದ್ದೆವು. ಡಾಕ್ಟರರು ಕೊನೆಗೆ ಕೇಳಿದ್ದು: ಆ ನರವನ್ನು ಒತ್ತಿದರೆ ನೋವು ಇಳಿಯುತ್ತದೆಯೆ? ಈ ಒಂದು ಪ್ರಶ್ನೆಗೆ ನಾನು ಯಾರನ್ನೂ ಕೇಳದೆ ಉತ್ತರ ಕೊಟ್ಟೆ.

ಹಾಗಿದ್ದರೆ ಉಪಾಯವಿದೆ ಎಂದರು. ಕಣತಲೆಯ ಮೇಲೆ ಸಣ್ಣಗೆ ಸೀಳಿ, ನೆತ್ತರು ಒಯ್ಯುವ ಆ ನಾಳವನ್ನು ಎರಡು ಕಡೆ ರೇಶಿಮೆ ದಾರದಿಂದ ಕಟ್ಟಿ, ನಡುವೆ ಕತ್ತರಿಸಿಬಿಡುವುದು. ತಲೆಗೆ ರಕ್ತ ಒಯ್ಯಲು ಬೇರೆ ದಾರಿಗಳಿವೆ, ಜೀವಕ್ಕೆ ಅಪಾಯವಿಲ್ಲ. ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾರೆ. ಕೆಲವರಿಗೆ ಪೂರ್ತಿ ಹೋಗುತ್ತದೆ, ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಕೆಲವು ದಿನ ಬಿಟ್ಟು ತಿರುಗಿ ಬರುತ್ತದೆ. ಇಷ್ಟು ಹೇಳಿ, ಸಣ್ಣ ಮಾತೆಂಬಂತೆ, ಕಿವಿಯ ಮೇಲಿನ ಅಂಗೈಯಗಲದ ಕೂದಲನ್ನು ಮಾತ್ರ ಬೋಳಿಸಬೇಕಾಗುತ್ತದೆ ಎಂದು ಸೇರಿಸಿದರು.

ಸೀಳುವುದನ್ನೂ ಕಟ್ಟುವುದನ್ನೂ ಅತ್ಯಾ ಹುಬ್ಬು ಅಲುಗಿಸದೆ ಕೇಳಿದ್ದಳು. ಈ ಮಾತನ್ನು ಅನುವಾದ ಮಾಡಿದ ಕೂಡಲೆ ಎದ್ದು ಧಾಬಳಿ ಝಾಡಿಸಿದಳು. ಹೆಂಡತಿ ಸೆರಗಿನ ಒಳಗೇ ಬೆಳ್ಳಗಾದಳು.

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೆಂಗಸಿನ ತಲೆಗೆ ಕತ್ತಿ ಮುಟ್ಟುವುದು ಒಂದೇ ಕಾರಣಕ್ಕೆ: ಗಂಡ ಸತ್ತಾಗ. ಮುತ್ತೈದೆಯ ತಲೆಗೆ ಗಂಡ ಬದುಕಿರುವಾಗಲೇ ಕತ್ತಿ ಮುಟ್ಟಿತೆಂದರೆ ಗಂಡನಿಗೆ ಯಮನ ಕರೆ ಕಳಿಸಿದ ಹಾಗೆ. ಹೀಗೆ ಆ ದಿನದಿಂದ ನನ್ನ ಪ್ರಾಣ ಹೆಂಡತಿಯ ಎಡಗಿವಿಯ ಮೇಲಿನ ಅಂಗೈಯಗಲ ಜಾಗಕ್ಕೆ ಸ್ಥಳಾಂತರವಾಯಿತು. ಪ್ರಾಣದ ಮಾಲೀಕನಾದ ನನ್ನ ಒಪ್ಪಿಗೆ ಇತ್ತು. ಆದರೆ ಈ ದಾವೆಯಲ್ಲಿ ನಾನು ಕೇವಲ ಆಸ್ತಿ; ಆಸ್ತಿಯ ಅಭಿಪ್ರಾಯವನ್ನು ಯಾವ ಕೋರ್ಟೂ ಕೇಳುವುದಿಲ್ಲ.

ಹೆಂಡತಿ ಬೇಡವೆಂದಳು. ಎಷ್ಟು ಹೇಳಿದರೂ ಬೇಡ. ಮಾವನವರಿಗೆ ಯಾರಿಂದಲೋ ಸುದ್ದಿ ಹೋಗಿ ಯಲಬುರ್ಗಿಯಿಂದ ಧಾವಿಸಿ ಬಂದರು. ಕೂದಲು ತೆಗೆಯುವುದೇ ಆದರೆ ಮಗಳನ್ನು ಕರೆದುಕೊಂಡು ಹೋಗಿಬಿಡುತ್ತೇನೆ ಎಂದರು. ನನ್ನ ಜೀವ ಉಳಿಸುವ ಸಲುವಾಗಿ ನನ್ನ ಹೆಂಡತಿಯನ್ನು ಒಯ್ಯುವ ಈ ಏರ್ಪಾಡಿನಲ್ಲಿ ನನಗೆ ಉಳಿಯುವುದೇನು ಎಂದು ಕೇಳಿದೆ. ಅವರು ಊಟ ಮಾಡಿ ಹೋದರು.

ಅವರು ಹೋದ ಒಂದು ವಾರದೊಳಗೆ ನೋವು ಬಂತು. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡನೆಯ ದಿನವೂ ಬಿಡಲಿಲ್ಲ. ನನ್ನ ಹೆಬ್ಬೆರಳು ಸೋತು ಮರಗಟ್ಟಿತು. ಅವಳು ಕಣಜದ ಕಲ್ಲಿಗೆ ಹಣೆ ಹಚ್ಚಿಕೊಂಡು, ಅಳಲೂ ಆಗದೆ, ಅತ್ತರೆ ನೋವು ಹೆಚ್ಚಾಗುತ್ತಿದ್ದುದರಿಂದ, ಸುಮ್ಮನೆ ಬಾಯಿ ತೆರೆದುಕೊಂಡು ಬಿದ್ದಿದ್ದಳು. ಮತ್ತೊಮ್ಮೆ ಕೇಳಿದೆ. ತಲೆ ಅಲ್ಲಾಡಿಸಲು ಆಗದೆ, ಕೈಯಿಂದ ಬೇಡ ಎಂದಳು.

ಬಾಗಿಲಲ್ಲಿ ಅತ್ಯಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಂದು ಸಂಜೆ ನನ್ನನ್ನು ಹಿತ್ತಲಿಗೆ ಕರೆದು ಫೈಸಲಾ ಹೇಳಿದಳು.

"ಪ್ರಯಾಗದಾಗ ವೇಣಿದಾನ ಅಂತ ಮಾಡ್ತಾರ, ಗೊತ್ತದ ಏನು? ಗಂಡ ತನ್ನ ಕೈಲೆ ಹೇಂತಿ ತಲಿ ಬಾಚಿ, ಹೆಳಲು ಹಾಕಿ, ತುದಿ ಕತ್ತರಿಸಿ ಗಂಗಾಗ ಬಿಡ್ತಾನ. ಅದು ಮುತ್ತೈದೆಯರು ಮಾಡೋದು. ಗಂಡನ ಆಯುಷ್ಯಕ್ಕ ಮಾಡೋದು. ಅಲ್ಲಿ ತುದಿ, ಇಲ್ಲಿ ಕಣತಲಿ. ಕೈ ನಿಂದಿರಬೇಕು, ನದಿ ಇರಬೇಕು, ಅಷ್ಟ."

ನದಿ ಗಂಗೆಯಲ್ಲವಲ್ಲ ಎಂದು ವಕೀಲನ ಚಟಕ್ಕೆ ಒಂದು ಆಕ್ಷೇಪಣೆ ಎತ್ತಿದೆ. ಗಂಗಾಸ್ನಾನ, ತುಂಗಾಪಾನ ಎಂದು ಹಿರಿಯರು ಹೇಳಿದ್ದು ನಿನ್ನ ಕೋರ್ಟಿಗೆ ತಿಳಿಯದಿದ್ದರೆ ಅದು ಕೋರ್ಟಿನ ತಪ್ಪು ಎಂದಳು. ಅತ್ಯಾ ಶಾಸ್ತ್ರ ಹೇಳಿದ ಮೇಲೆ ಹೆಂಡತಿಗೂ ಬೇರೆ ದಾರಿ ಉಳಿಯಲಿಲ್ಲ. ಇಲ್ಲ, ತಪ್ಪಾಯಿತು, ದಾರಿ ಸಿಕ್ಕಿತು ಎನ್ನಬೇಕು. ಅವಳು ಹೂಂ ಎಂದಾಗ ಮುಖದ ಮೇಲೆ ಒಂದು ಕ್ಷಣ ಕಂಡದ್ದು ಆಸೆ. ಆಸೆಯನ್ನು ಅವಳು ಅಲ್ಲಿಯವರೆಗೆ ನಮಗೆ ತೋರಿಸಿರಲಿಲ್ಲ.

ಬಂಡಿ ಕಟ್ಟಿಸಿಕೊಂಡು ಹನುಮನಹಳ್ಳಿಯ ಹತ್ತಿರ ಹೊಳೆಗೆ ಹೋದೆವು. ಆನೆಗೊಂದಿಯಿಂದ ಒಬ್ಬ ಪುರೋಹಿತರನ್ನು ಕರೆಸಿದ್ದೆ. ವೇಣಿದಾನ ಅವರು ಕೇಳಿದ್ದರೇ ಹೊರತು ಮಾಡಿಸಿರಲಿಲ್ಲ. ಆದರೆ ಗೊತ್ತಿಲ್ಲವೆಂದು ಹೇಳುವ ಪದ್ಧತಿ ಆ ವೃತ್ತಿಯಲ್ಲೂ ಇಲ್ಲ, ನಮ್ಮ ವೃತ್ತಿಯಲ್ಲೂ ಇಲ್ಲ. ಬಂಡೆಯ ಮೇಲೆ ಹೆಂಡತಿಯನ್ನು ಕೂಡಿಸಿ, ಸಂಕಲ್ಪ ಹೇಳಿಸಿ, ನನ್ನ ಕೈಗೆ ಹಣಿಗೆ ಕೊಟ್ಟರು.

ಹೆಂಗಸಿನ ತಲೆ ಬಾಚುವುದು ಇಷ್ಟು ಕಷ್ಟವೆಂದು ಯಾವ ಗಂಡಸೂ ನನಗೆ ಹೇಳಿರಲಿಲ್ಲ. ಸಿಕ್ಕು ಬಿಡಿಸಲು ಹೋಗಿ ಹೊಸ ಸಿಕ್ಕು ಹಾಕಿದೆ. ಎಳೆದಾಗ ಅವಳ ತಲೆ ಹಿಂದಕ್ಕೆ ಬರುತ್ತಿತ್ತು, ಬಿಟ್ಟಾಗ ಮುಂದಕ್ಕೆ ಹೋಗುತ್ತಿತ್ತು. ಮೂರೆಳೆ ಮಾಡಿ ಹೆಣೆದದ್ದು ಎತ್ತು ಕಟ್ಟುವ ಕಣ್ಣಿಯಂತೆ ಆಯಿತು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾಗಿ ಬಗ್ಗಿ ನೋಡಿದೆ. ತುಟಿ ಕಚ್ಚಿ ನಗು ತಡೆದಿದ್ದಳು. ಹಗಲು ಬೆಳಕಿನಲ್ಲಿ, ಹೊಳೆಯ ದಂಡೆಯಲ್ಲಿ, ಪುರೋಹಿತರ ಎದುರಿಗೆ ಹೆಂಡತಿಯ ಕೂದಲಲ್ಲಿ ಕೈಯಿಟ್ಟುಕೊಂಡು ನಿಂತಿದ್ದ ನನಗೂ ಬೇರೆ ಏನೂ ತೋಚಲಿಲ್ಲ, ನಕ್ಕೆ. ಪುರೋಹಿತರು ಮಂತ್ರದ ಧ್ವನಿ ಏರಿಸಿದರು.

ಕತ್ತರಿ ಹಿಡಿದಾಗ ಅವರು ಶುಭಕಾರ್ಯ ಬಲದಿಂದ ಆರಂಭವಾಗಬೇಕು ಎಂದರು. ಅತ್ಯಾ ಹೌದು ಎಂದಳು. ಬಲಗಾಲಿಟ್ಟು ಒಳಗೆ ಬರುವ, ಬಲಗೈಯಲ್ಲಿ ಕೊಡುವ, ಬಲಕ್ಕೆ ಸುತ್ತುವ ಜನ ನಾವು; ಅದರಲ್ಲಿ ಚರ್ಚೆಯೇನಿದೆ? ನಾನು ಭಕ್ತಿಯಿಂದ ಹೆಂಡತಿಯ ಬಲಗಿವಿಯ ಮೇಲಿನ ಕೂದಲನ್ನು ಅಂಗೈಯಗಲ ಕತ್ತರಿಸಿ, ಹೆಳಲಿನ ತುದಿಯನ್ನೂ ಸೇರಿಸಿ, ಹೊಳೆಗೆ ಬಿಟ್ಟೆ. ಹೊಳೆ ಅದನ್ನು ಆಕ್ಷೇಪಣೆಯಿಲ್ಲದೆ ಒಯ್ದಿತು. ಪುರೋಹಿತರು ಆಶೀರ್ವಾದ ಮಾಡಿದರು. ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಕೊಂಡು, ದೊಡ್ಡ ಕೆಲಸ ಮುಗಿಸಿದ ಸಮಾಧಾನದಲ್ಲಿ, ಬಂಡಿಯಲ್ಲಿ ಬುತ್ತಿ ಬಿಚ್ಚಿ ಉಂಡೆವು.

ಮರುದಿನ ಬೆಳಿಗ್ಗೆ ದವಾಖಾನೆಯಲ್ಲಿ ಹೆಂಡತಿ ಸೆರಗು ಸರಿಸಿದಾಗ ಡಾಕ್ಟರರು ಬಹಳ ಹೊತ್ತು ನೋಡಿದರು. ಆಮೇಲೆ ಅತ್ಯಂತ ಮರ್ಯಾದೆಯಿಂದ, "ವಕೀಲ್ ಸಾಬ್, ಜಾಗ ಬದಲಿಸಿದ್ದು ನೋವೋ, ಕತ್ತರಿಯೋ?" ಎಂದು ಉರ್ದುವಿನಲ್ಲಿ ಕೇಳಿದರು.

ನಾನು ಅತ್ಯಾನ ಮುಖ ನೋಡಿದೆ. ಅತ್ಯಾ ಸೊಸೆಯ ಮುಖ ನೋಡಿದಳು. ನಿನ್ನೆ ಅಲ್ಲಿ ಒಬ್ಬರಿಗೂ ಹೊಳೆಯದೆ ಹೋಯಿತೆ? ನಿನ್ನ ತಲೆ, ನಿನಗಾದರೂ ಗೊತ್ತಾಗಲಿಲ್ಲವೆ ಎಂದು ಹೆಂಡತಿಯನ್ನು ಕೇಳಿದೆ.

"ಗೊತ್ತಾತು," ಎಂದಳು. "ಬಲಕ್ಕ ಮೊದಲು ಮಾಡಿ ಆಮ್ಯಾಲೆ ಎಡಕ್ಕ ಬರ್ತೀರಿ ಅಂದಕೊಂಡೆ. ಪೂಜಾದ ನಡುವ ಮಾತಾಡಬಾರದು ಅಂತ ನೀವ ಹೇಳಿದ್ರಲ್ಲಾ."

ತಿರುಗಿ ಹೊಳೆಗೆ ಹೋಗುವುದೆಂದರೆ ಮತ್ತೆ ಬಂಡಿ, ಮತ್ತೆ ಮುಹೂರ್ತ. ಅಷ್ಟರಲ್ಲಿ ಇವಳ ಧೈರ್ಯ ಹಾರಿಹೋದರೆ? ಅತ್ಯಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಸಂಕಲ್ಪದಲ್ಲಿ ವೇಣಿ ಎಂದು ಹೇಳಿದ್ದೇ ಹೊರತು ಎಡ ಬಲ ಹೇಳಿಲ್ಲ, ಆದ್ದರಿಂದ ಕ್ರಿಯೆ ಇನ್ನೂ ಮುಗಿದಿಲ್ಲ, ಮುಂದಿನ ದಿನಕ್ಕೆ ಮುಲ್ತವಿಯಾಗಿದೆ ಎಂದು ತೀರ್ಪು ಕೊಟ್ಟಳು. ಮನೆಯಿಂದ ತಂಬಿಗೆಯ ನೀರು ಬಂತು. ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ ಹೆಂಡತಿಯನ್ನು ಕೂಡಿಸಿ, ನೀರು ಚಿಮುಕಿಸಿ, ಎಡದ ಕೂದಲನ್ನೂ ನಾನೇ ಕತ್ತರಿಸಿದೆ. ಮೇಲೆ ಕತ್ತಿಯಾಡಿಸುವುದನ್ನೂ ಅತ್ಯಾ ನನ್ನ ಕೈಯಿಂದಲೇ ಮಾಡಿಸಿದಳು. ಡಾಕ್ಟರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಆ ಕಡೆ ಮುಖ ಮಾಡಿ ನಿಂತಿದ್ದರು.

ಕೊಯ್ಯುವಾಗ ನಾನು ಒಳಗೇ ಇರಬೇಕೆಂಬುದು ಅತ್ಯಾನ ಷರತ್ತು. ಜೋಮು ಹಿಡಿಸುವ ಸೂಜಿ ಹಾಕಿದರು. ಹೆಂಡತಿಯ ಕೈ ಹಿಡಿದು ನಿಂತೆ. ಆಮೇಲೆ ಶಹಾಬಾದದ ಫರಸಿ ಕಲ್ಲು ಎಷ್ಟು ನುಣುಪೆಂದು ಪರೀಕ್ಷಿಸುವ ಮನಸ್ಸಾಗಿ ಕೆಳಗೆ ಕೂತೆ, ಕೈ ಬಿಡಲಿಲ್ಲ. ಮೇಲಿನಿಂದ ಅವಳ ಧ್ವನಿ ಕೇಳಿತು: "ನಿಮ್ಮ ಕೈ ಯಾಕ ತಣ್ಣಗಾಗ್ಯದ? ಉಂಡ ಬಂದೀರಿಲ್ಲೊ?" ಕಣತಲೆ ತೆರೆದಿಟ್ಟುಕೊಂಡು ಮಲಗಿದವಳು ಕೇಳಿದ ಪ್ರಶ್ನೆ ಇದು. ಉಂಡಿದ್ದೇನೆ ಎಂದೆ. ಉಂಡಿರಲಿಲ್ಲ.

ಕೆಲಸ ಬೇಗ ಮುಗಿಯಿತು. ಹೊಲಿಗೆ ಬಿಚ್ಚುವ ಹೊತ್ತಿಗೆ ಗಾಯ ಮಾಯ್ದಿತ್ತು. ಹುಣ್ಣಿವೆ ಬಂತು, ಹೋಯಿತು. ಅಮಾಸೆ ಬಂತು, ಹೋಯಿತು. ನೋವು ಬರಲಿಲ್ಲ. ಇಲಕಲ್ಲ ಸೆರಗು ಕಣ್ಣಂಚಿನಲ್ಲಿ ಒಮ್ಮೆ ಹೊಳೆದಾಗ ಎಲ್ಲರೂ ಮಾಡುತ್ತಿದ್ದ ಕೆಲಸ ಬಿಟ್ಟು ಕಾಯ್ದೆವು. ಅದು ಹಾಗೇ ಆರಿಹೋಯಿತು. ಅಂದು ಅವಳು ಬೇಕೆಂತಲೇ ಹಿಡಿ ಸಾಸಿವೆ ಹಾಕಿ ಚಟಪಟ ಒಗ್ಗರಣೆ ಮಾಡಿದಳು. ಕಟ್ಟೆಯ ಮೇಲೆ ಪಕ್ಷಗಾರರು ಮತ್ತೆ ಗಂಟಲು ಬಿಟ್ಟು ಜಗಳಾಡಲು ಹತ್ತಿದರು, ನನ್ನ ವಕೀಲಿ ಸುಧಾರಿಸಿತು.

ಆಗ ನನಗೆ ಜ್ವರ ಬಂತು.

ಗಂಗಾವತಿ ಭತ್ತದ ಗದ್ದೆಗಳ ಊರು. ನಮಗೆ ಸೊಳ್ಳೆ ಬೇರೆಯಲ್ಲ, ನೆಂಟರು ಬೇರೆಯಲ್ಲ. ಚಳಿಜ್ವರ ಬರುವುದು ಹೊಸದಲ್ಲ. ಆದರೆ ಆ ಸಲದ್ದು ಇಳಿಯಲಿಲ್ಲ. ಲಡಾಯಿಯಿಂದಾಗಿ ಕ್ವಿನೈನ್ ಸಿಗುವುದು ಕಷ್ಟವಾಗಿತ್ತು. ಮೈ ನಡುಗುವುದು, ಸುಡುವುದು, ಬೆವರುವುದು, ಮತ್ತೆ ನಡುಗುವುದು. ಓಣಿಯ ಹೆಂಗಸರು ನೋಡಲು ಬಂದರು. ನನ್ನನ್ನು ಒಂದು ಸಲ ನೋಡುವರು, ಹೆಂಡತಿಯ ಸೆರಗಿನ ಕಡೆ ಎರಡು ಸಲ ನೋಡುವರು. ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಹೆಂಡತಿ ನನ್ನ ಹಾಸಿಗೆಯ ಹತ್ತಿರದಿಂದ ಏಳುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಜ್ವರದ ಮಂಪರಿನಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದೆ. ನಿದ್ದೆ ಹತ್ತಿದೆಯೆಂದು ಹೆಂಡತಿಯೂ ಅತ್ಯಾನೂ ತಿಳಿದಿದ್ದರು. ಹೆಂಡತಿ ಅಳುತ್ತಿದ್ದಳು. ಆ ನೋವು ತಿರುಗಿ ಬರಲಿ, ಎರಡೂ ಕಡೆ ಬರಲಿ, ಇವರೊಬ್ಬರು ಎದ್ದರೆ ಸಾಕು, ನನ್ನ ಸುಖಕ್ಕೆ ಇವರ ಆಯುಷ್ಯ ಕತ್ತರಿಸಿಕೊಂಡೆ ಎಂದು ಏನೇನೋ ಅನ್ನುತ್ತಿದ್ದಳು. ಅತ್ಯಾ ನನ್ನ ಹಣೆಯ ಬಟ್ಟೆ ಹಿಂಡಿ ಹಾಕುತ್ತಿದ್ದಳು. ಬಟ್ಟೆಯ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಆಕೆಯ ಮಾತು ಕೇಳಿತು. ದೊಡ್ಡ ಧ್ವನಿಯಲ್ಲ.

"ನನ್ನ ಕೂದಲಾ ಮೊಣಕಾಲ ತನಕಾ ಇತ್ತು, ತಂಗಿ. ಕೂತ್ರ ನೆಲದ ಮ್ಯಾಲೆ ಸುರುಳಿ ಆಗ್ತಿತ್ತು. ಪ್ರಯಾಗದಾಗ ಅವರು ತಮ್ಮ ಕೈಯಾರೆ ಬಾಚಿ, ಬೆರಳಷ್ಟು ತುದಿ ತಗದು ಗಂಗಾಗ ಬಿಟ್ಟಿದ್ರು. ಉಳದದ್ದು ಅಷ್ಟೂ ತಲಿ ಮ್ಯಾಲ ಇತ್ತು. ಊರಿಗೆ ಬಂದ್ವಿ, ಪ್ಲೇಗು ಬಂತು. ಅವರು ಉಳದ್ರೇನು?"

ಹೆಂಡತಿಯ ಅಳು ನಿಂತಿತು.

"ಕೂದಲಾ ಇದ್ದಾಗನ ಹ್ವಾದ್ರು. ಅವರು ಹೋದ ಮ್ಯಾಲೆ ಅದನ್ನ ತಗದ್ರು. ನೀ ಹಿಂದಿಂದು ಮುಂದ ಮಾಡಬ್ಯಾಡ."

ನಾನು ಕಣ್ಣು ತೆರೆಯಲಿಲ್ಲ. ನನ್ನ ಆಯುಷ್ಯದಲ್ಲಿ ಆಕೆ ಗಂಡನ ಮಾತು ಆಡಿದ್ದನ್ನು ಕೇಳಿದ್ದು ಅದೇ ಮೊದಲು. ಕಣ್ಣು ತೆರೆದಿದ್ದರೆ ಆಕೆ ಎದ್ದು ಹೋಗುತ್ತಿದ್ದಳು.

ಹೆಂಡತಿ ಮೆಲ್ಲಗೆ ಕೇಳಿದಳು: "ಇದೆಲ್ಲಾ ಗೊತ್ತಿದ್ದೂ, ಹೊಳಿಗೆ ಹೋಗ್ರಿ, ಅವರ ಕೈಲೆ ಮಾಡಸ್ರಿ, ಆಯುಷ್ಯಕ್ಕ ಛಲೋ ಅಂತ ಯಾಕ ಹೇಳಿದ್ರಿ ಅತ್ಯಾ?"

"ನೀ ಹೂಂ ಅನಬೇಕಾಗಿತ್ತಲ್ಲಾ," ಎಂದಳು ಅತ್ಯಾ. "ಈಗ ಏಳು. ಗಂಜಿ ಕಾಸೇನಿ, ಉಣ್ಣು. ಉಪವಾಸ ಬಿದ್ದು ಮತ್ತ ತಲಿ ಎಬ್ಬಿಸಿಕೊಂಡ್ರ ಆ ಡಾಕ್ಟರಗ ನಾ ಏನು ಹೇಳ್ಲಿ?"

ಆಕೆ ಡಾಕ್ಟರರಿಗೆ ಏನಾದರೂ ಹೇಳಲು ಹೋಗಿದ್ದೂ ಅಂದೇ. ಸಂಜೆ ಧಾಬಳಿ ಹೊದ್ದು ಒಬ್ಬಳೇ ದವಾಖಾನೆಗೆ ನಡೆದಳಂತೆ. ಉರ್ದು ಬಾರದ ಆಕೆ, ಕನ್ನಡ ಅರ್ಧ ಬರುವ ಅವರು. ನಡುವೆ ಅನುವಾದಕ್ಕೆ ನಾನಿಲ್ಲ. ಏನು ಮಾತಾದವೋ ಇಬ್ಬರೂ ಕಡೆಯವರೆಗೆ ಹೇಳಲಿಲ್ಲ. ಡಾಕ್ಟರರು ತಮ್ಮ ಮನೆಯವರಿಗೆ ಇಟ್ಟುಕೊಂಡಿದ್ದ ಕ್ವಿನೈನ್ ತೆಗೆದುಕೊಂಡು, ಆಕೆಯಿಂದ ನಾಲ್ಕು ಮಾರು ದೂರ ನಡೆಯುತ್ತ, ನಮ್ಮ ಮನೆಗೆ ಬಂದರು. ಆ ಕಹಿಯನ್ನು ನುಂಗಿ ನಾನು ಎದ್ದೆ. ಕೆಲವು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು, ಅಷ್ಟೆ. ಓಣಿಯ ಹೆಂಗಸರಿಗೆ ಸ್ವಲ್ಪ ನಿರಾಶೆಯಾಯಿತೇನೋ. ತೋರಿಸಿಕೊಳ್ಳಲಿಲ್ಲ, ಒಳ್ಳೆಯ ಜನ.

ಹೆಂಡತಿಯ ನೋವು ಪೂರ್ತಿ ಹೋಯಿತೆಂದು ಬರೆದರೆ ಸುಳ್ಳು ಸಾಕ್ಷಿಯಾದೀತು. ಮಳೆಗಾಲ ಮುಗಿಯುವಾಗ ಒಮ್ಮೆ ಬಂತು. ಆದರೆ ಮೊದಲಿನ ದರ್ಬಾರು ಇರಲಿಲ್ಲ. ವಸೂಲಿ ಅಧಿಕಾರ ಕಳೆದುಕೊಂಡ ಜಹಗೀರದಾರನಂತೆ ಬಂದು, ಅರ್ಧ ಹಗಲು ಕೂತು, ಹೋಯಿತು. ಆಮೇಲೆಯೂ ಆಗೊಮ್ಮೆ ಈಗೊಮ್ಮೆ ಹಾಗೇ ಬರುತ್ತಿತ್ತು. ಡಾಕ್ಟರರು ಮೊದಲೇ ಹೇಳಿದ್ದ ಮಾತು. ಅವಳು ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಇಷ್ಟು ನೋವಿಗೆ ಮಲಗುವುದೇನು ಎಂದು ಕೂತುಕೊಂಡೇ ಕಾಯಿಪಲ್ಲೆ ಹೆಚ್ಚುತ್ತಿದ್ದಳು.

ನಾನು ಜ್ವರದಿಂದ ಎದ್ದ ವಾರವೇ ಇನ್ನೊಂದು ಸಂಗತಿ ನಡೆಯಿತು. ನಾನು ಹಿತ್ತಲಿನಲ್ಲಿ ಬಿಸಿಲಿಗೆ ಕೂತಿದ್ದೆ. ಅತ್ಯಾನ ತಲೆಯ ಕೆಲಸಕ್ಕೆ ಕ್ಷೌರದವನು ಬಂದು ಬಾಗಿಲ ಹೊರಗೆ ನಿಂತು, "ಅವ್ವಾರ, ಬಂದೇನ್ರಿ," ಎಂದ. ಹೆಂಡತಿ ಹೊರಗೆ ಬಂದಳು. ಇವತ್ತು ಬೇಡ ಎಂದಳು. ಹಂಗಾದ್ರ ಯಾವಾಗ ಬರಲಿ ಎಂದು ಅವನು ಕೇಳಿದ. ನಾವಾಗಿ ಹೇಳಿ ಕಳಿಸುತ್ತೇವೆ, ಅಲ್ಲಿಯತನಕ ಬರಬೇಡ ಎಂದಳು. ಅವನು ನನ್ನ ಮುಖ ನೋಡಿದ. ನಾನು ನಮ್ಮ ಹಿತ್ತಲ ಬೇವಿನ ಗಿಡ ನೋಡಿದೆ. ಅವನು ಹೋದ.

ಅತ್ಯಾ ಒಳಗೇ ಇದ್ದಳು, ಎಲ್ಲ ಕೇಳಿಸಿರಬೇಕು. ಹೊರಗೆ ಬರಲಿಲ್ಲ. ಸಂಜೆ ನನ್ನ ಹತ್ತಿರ ಫಿರ್ಯಾದು ತಂದಳು: "ನಿನ್ನ ಹೇಂತಿ ನನ್ನ ಒಂದ ಮಾತ ಕೇಳಲಾರದ ಅವನ್ನ ಕಳಿಸ್ಯಾಳ." ಅಪೀಲು ಮಾಡುವ ವಿಚಾರವಿದೆಯೆ, ವಕಾಲತ್ತು ನಾನು ವಹಿಸಲೆ ಎಂದು ಕೇಳಿದೆ. ವಿಚಾರ ಮಾಡಿ ಹೇಳುತ್ತೇನೆ ಎಂದಳು.

ವಿಚಾರ ಮಾಡುತ್ತ ಮಾಡುತ್ತ ಮಾಗಿ ಕಳೆಯಿತು. ಹೆಂಡತಿಯ ಎರಡೂ ಕಣತಲೆಗಳ ಮೇಲೆ ಕೂದಲು ಬೆರಳುದ್ದ ಬಂದು, ಬಾಚಿದರೆ ಕೂಡದೆ, ಎದ್ದು ನಿಲ್ಲುತ್ತಿತ್ತು. ಅತ್ಯಾನ ಸೆರಗಿನ ಕೆಳಗೆ ಏನಾಗುತ್ತಿದೆಯೆಂದು ನನಗೆ ಕಾಣುತ್ತಿರಲಿಲ್ಲ. ಕೇಳುವ ಅಧಿಕಾರವೂ ನನಗಿರಲಿಲ್ಲ. ಒಂದು ದಿನ ಮಠದಿಂದ ಯಾರೋ ಹಿರಿಯರು ಬಂದು, ಮನೆಯ ಆಚಾರ ಹೇಗೆ ನಡೆದಿದೆ ಎಂದು ವಿಚಾರಿಸಿದಾಗ, ಅತ್ಯಾ ಬಾಗಿಲ ಮರೆಯಿಂದ ಎಲ್ಲಾ ಛಲೋ ನಡೆದಿದೆ ಎಂದು ಸ್ಪಷ್ಟವಾಗಿ ಹೇಳಿದ್ದು ನನಗೆ ಕೇಳಿತು.

ಒಂದು ಶನಿವಾರ ಕೋರ್ಟಿನಿಂದ ಬೇಗ ಬಂದೆ. ಹಿತ್ತಲ ಕಟ್ಟೆಯ ಮೇಲೆ ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ಕೂತು ತನ್ನ ಕಣತಲೆಗೆ ಹಚ್ಚಿಕೊಳ್ಳುತ್ತಿದ್ದಳು. ಅತ್ಯಾ ಅವಳ ಪಕ್ಕಕ್ಕೆ ಬಂದು, ಗೋಡೆಯ ಕಡೆ ಮುಖ ಮಾಡಿ ಕೂತಳು. ಸೆರಗನ್ನು ಹಿಂದಕ್ಕೆ ಸರಿಸಿದಳು. ಜೋಳ ಕೊಯ್ದ ಹೊಲದ ಕೂಳೆಯಂತೆ, ಪೂರಾ ಬೆಳ್ಳಗೆ.

"ನನಗೂ ಒಂದಷ್ಟು ಹಚ್ಚು," ಎಂದಳು. "ಚುಚ್ಚತಾವ."